ಟ್ಯೂಬಿನಲ್ಲಿ ಊಟ: ಬೆನ್ನುಹುರಿಗೆ ಪೆಟ್ಟಾದವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ, ಡಯಟಿಷಿಯನ್ನೂ ಅಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಒಬ್ಬ ಅಕ್ಕ, ಅಷ್ಟೆ. ಒಂದು ಮಳೆಗಾಲದಲ್ಲಿ ನನ್ನ ತಮ್ಮ ರೈಲ್ವೆ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದ. ಕುತ್ತಿಗೆಯ ಐದನೇ ಎಲುಬಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಆರು ವಾರ ಮೂಗಿನ ಟ್ಯೂಬ್, ಆಮೇಲೆ ಏಳು ತಿಂಗಳು ಹೊಟ್ಟೆಯ ಟ್ಯೂಬ್. ಈಗ ಬಾಯಲ್ಲೇ ಊಟ ಮಾಡುತ್ತಾನೆ, ಸಾರಿಗೆ ಉಪ್ಪು ಸಾಲದು ಅಂತ ಜಗಳವನ್ನೂ ಆಡುತ್ತಾನೆ.

ಆಸ್ಪತ್ರೆ ಕಾರಿಡಾರಿನಲ್ಲಿ ಪರಿಚಯವಾದವರು, ಅವರಿಂದ ನಂಬರ್ ಪಡೆದವರು, ಥಾಣೆ, ಮುಲುಂಡ್, ನಾಲಾಸೋಪಾರ, ಪುಣೆಯಿಂದೆಲ್ಲ ಫೋನ್ ಮಾಡುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಲೆಕ್ಕಗಳನ್ನು ನಿಮ್ಮ ಡಾಕ್ಟರ್, ಡಯಟಿಷಿಯನ್ ಹತ್ತಿರ ತೋರಿಸಿಯೇ ಬಳಸಿ.

## ಶುರುವಿನಲ್ಲಿ

ಅಕ್ಕಾ, ಪೆಟ್ಟಾಗಿದ್ದು ಕುತ್ತಿಗೆಗೆ, ಹೊಟ್ಟೆಗಲ್ಲ. ಮೂಗಲ್ಲಿ ಪೈಪ್ ಯಾಕೆ ಹಾಕಿದ್ದಾರೆ?

ಹೊಟ್ಟೆ ಸರಿಯಾಗಿಯೇ ಇರಬಹುದು. ತೊಂದರೆ ಗಂಟಲಿನದ್ದು. ಕುತ್ತಿಗೆಯ ಮುಂಭಾಗದಿಂದ ಆಪರೇಶನ್ ಮಾಡಿದರೆ ಗಂಟಲು ಊದಿಕೊಳ್ಳುತ್ತದೆ. ಉಸಿರಿಗಾಗಿ ಗಂಟಲಲ್ಲಿ ತೂತು ಮಾಡಿ ಟ್ರೇಕಿಯಾಸ್ಟಮಿ ಟ್ಯೂಬ್ ಹಾಕಿದ್ದರೆ ನುಂಗುವುದು ಇನ್ನೂ ಕಷ್ಟ. ಕುತ್ತಿಗೆ ಅಲುಗದಂತೆ ಕಾಲರ್ ಹಾಕಿದವರಿಗೆ ತಲೆ ಬಗ್ಗಿಸಲು ಆಗುವುದಿಲ್ಲ. ಒಮ್ಮೆ ಕತ್ತು ಮೇಲೆತ್ತಿ ಒಂದು ಗುಟುಕು ನೀರು ನುಂಗಿ ನೋಡಿ, ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ ಕೆಮ್ಮು. ನಮಗೆ ಒಂದು ಅಗುಳು ತಪ್ಪು ದಾರಿಗೆ ಹೋದರೆ ಕೆಮ್ಮಿ ಹೊರಗೆ ಹಾಕುತ್ತೇವೆ. ಕುತ್ತಿಗೆಯಲ್ಲಿ ಹುರಿಗೆ ಪೆಟ್ಟಾದವರಿಗೆ ಹೊಟ್ಟೆಯ, ಎದೆಯ ಸ್ನಾಯುಗಳಲ್ಲಿ ಶಕ್ತಿ ಇರುವುದಿಲ್ಲ. ಆ ಅಗುಳು ಸೀದಾ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪೆಟ್ಟು ಸೊಂಟದ ಮಟ್ಟದಲ್ಲಿದ್ದರೆ ಸಾಮಾನ್ಯವಾಗಿ ಟ್ಯೂಬ್ ಬೇಕಾಗುವುದಿಲ್ಲ.

ಮೊದಲ ಎರಡು ಮೂರು ದಿನ ಆ ಟ್ಯೂಬಿನಿಂದ ಊಟ ಕೊಡದೆ, ಬರೀ ಹಸಿರು ನೀರು ಹೊರಗೆ ತೆಗೆಯುತ್ತಿದ್ದರೆ ಗಾಬರಿ ಬೇಡ. ಹೊಸದಾಗಿ ಪೆಟ್ಟಾದಾಗ ಕರುಳೂ ಮಲಗಿಬಿಡುತ್ತದೆ. ಅದು ಏಳುವವರೆಗೆ ಕಾಯುತ್ತಾರೆ.

ಹಾಗಾದ್ರೆ ಇನ್ನು ಜೀವನಪೂರ್ತಿ ಹೀಗೇನಾ?

ಹೆಚ್ಚಿನವರಿಗೆ ಅಲ್ಲ. ಊತ ಇಳಿದು, ವೆಂಟಿಲೇಟರ್ ಬಿಟ್ಟು, ಕೂರುವ ಅಭ್ಯಾಸವಾದ ಮೇಲೆ ನುಂಗುವುದು ನಿಧಾನಕ್ಕೆ ಮರಳುತ್ತದೆ. ತೀರಾ ಮೇಲಿನ ಮಟ್ಟದ ಪೆಟ್ಟು, ಜೊತೆಗೆ ತಲೆಗೂ ಏಟು, ವಯಸ್ಸು ಜಾಸ್ತಿ, ಇಂಥವರಲ್ಲಿ ಕೆಲವರಿಗೆ ಟ್ಯೂಬ್ ಉಳಿಯಬಹುದು.

ಹೊಟ್ಟೆಗೆ ತೂತು ಮಾಡಿ ಪೆಗ್ ಹಾಕಬೇಕು ಅಂದಿದ್ದಾರೆ. ನಮ್ಮ ಅತ್ತೆ ಬೇಡವೇ ಬೇಡ ಅಂತ ಕೂತಿದ್ದಾರೆ.

ನಮ್ಮ ಅಮ್ಮನೂ ಕೂತಿದ್ದರು. ಮೂಗಿನ ಟ್ಯೂಬಿಗೆ ಎಲ್ಲರೂ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಜಾನ್ ರೈಲ್ ಎಂಬ ಬ್ರಿಟಿಷ್ ವೈದ್ಯರ ಹೆಸರು ಅದು, ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕೆಲವು ವಾರಗಳ ಮಟ್ಟಿಗೆ ಸರಿ. ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಡಾಕ್ಟರು ಪೆಗ್, ಅಂದರೆ ಹೊಟ್ಟೆಯ ಟ್ಯೂಬಿನ ಮಾತು ಎತ್ತುತ್ತಾರೆ. ಮೂಗಿನ ಟ್ಯೂಬ್ ಮೂಗು ಗಂಟಲನ್ನು ಕೆರೆಯುತ್ತದೆ, ಜಾರಿ ಹೊರಬರುತ್ತದೆ, ನುಂಗುವ ಅಭ್ಯಾಸಕ್ಕೂ ಅಡ್ಡ ಬರುತ್ತದೆ.

ಪೆಗ್ ದೊಡ್ಡ ಆಪರೇಶನ್ ಅಲ್ಲ. ಬಾಯಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಇಳಿಸಿ, ಹೊಟ್ಟೆಯ ಮೇಲೆ ಸಣ್ಣ ಗಾಯ ಮಾಡಿ ಟ್ಯೂಬ್ ಕೂರಿಸುತ್ತಾರೆ. ಈ ವಿಧಾನ 1980ರಿಂದ ವೈದ್ಯ ಪುಸ್ತಕಗಳಲ್ಲಿದೆ. ಬೇಡವಾದಾಗ ತೆಗೆಯಬಹುದು. ಅಂಗಿ ಹಾಕಿದರೆ ಕಾಣುವುದಿಲ್ಲ. ಕೊನೆಗೆ ಅಮ್ಮ ಒಪ್ಪಿದ್ದು ಈ ಒಂದು ಮಾತಿಗೆ: 'ಮುಖದ ಮೇಲಿನ ಪಟ್ಟಿ ಹೋಗುತ್ತೆ, ಅಮ್ಮಾ.'

ಡಿಸ್ಚಾರ್ಜ್ ಚೀಟಿಯಲ್ಲಿ 'ಆರ್‌ಟಿ ಫೀಡ್ 200 ಮಿಲಿ, ಎರಡು ಗಂಟೆಗೊಮ್ಮೆ' ಅಂತ ಒಂದೇ ಸಾಲು. ಕೊಡೋದು ಹೇಗೆ ಅಂತ ಯಾರೂ ಹೇಳಲೇ ಇಲ್ಲ.

ನಮಗೂ ಅದೇ ಒಂದು ಸಾಲು ಸಿಕ್ಕಿತ್ತು. ಆರ್‌ಟಿ ಅಂದರೆ ರೈಲ್ಸ್ ಟ್ಯೂಬ್, ಫೀಡ್ ಅಂದರೆ ಟ್ಯೂಬಿನಲ್ಲಿ ಕೊಡುವ ಊಟ. ಮನೆಗೆ ಆರೈಕೆಯವರನ್ನು ಕಳಿಸುವ ಬ್ಯೂರೋದಿಂದ ಬಂದ ಹುಡುಗ ಮೊದಲ ದಿನವೇ ಸಿರಿಂಜಿನ ಕಡ್ಡಿ ಒತ್ತಿ ಇನ್ನೂರು ಮಿಲಿಯನ್ನು ಎರಡೇ ನಿಮಿಷದಲ್ಲಿ ಹಾಕಿಬಿಟ್ಟ. ಅವನಿಗೆ ಇನ್ನೂ ಮೂರು ಮನೆ ಇತ್ತು. ತಮ್ಮನಿಗೆ ವಾಂತಿಯಾಗಿ, ಅದು ಶ್ವಾಸಕೋಶಕ್ಕೆ ಹೋಗಿ, ಒಂಬತ್ತು ದಿನ ಮತ್ತೆ ಆಸ್ಪತ್ರೆ. ಆ ಹುಡುಗನನ್ನು ಬೈದು ಏನು ಪ್ರಯೋಜನ? ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ವಾರ್ಡಿನ ಒಬ್ಬರು ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಸಿದ್ದು ಹೀಗೆ. ಕೈ ಸೋಪಿನಲ್ಲಿ ತೊಳೆಯಿರಿ. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತಿ. ಟ್ಯೂಬಿನ ಗುರುತು ಸರಿಯಾದ ಜಾಗದಲ್ಲಿದೆಯಾ ನೋಡಿ. 50 ಮಿಲಿ ಸಿರಿಂಜಿನ ಒಳಗಿನ ಕಡ್ಡಿಯನ್ನು ಪೂರ್ತಿ ತೆಗೆದಿಡಿ. ಟ್ಯೂಬನ್ನು ಬೆರಳಲ್ಲಿ ಮಡಚಿ ಹಿಡಿದು ಸಿರಿಂಜ್ ಸೇರಿಸಿ, ಇಲ್ಲದಿದ್ದರೆ ಗಾಳಿ ಒಳಗೆ ಹೋಗುತ್ತದೆ. ಮೊದಲು 30 ಮಿಲಿ ಕುಡಿಯುವ ನೀರು. ಆಮೇಲೆ ಫೀಡ್ ಸುರಿದು ಸಿರಿಂಜನ್ನು ಒಂದಡಿ ಎತ್ತರ ಹಿಡಿಯಿರಿ. ಅದು ತಾನಾಗಿ ಇಳಿಯಬೇಕು. ಬೇಗ ಇಳಿದರೆ ಕೈ ತಗ್ಗಿಸಿ, ನಿಂತುಹೋದರೆ ಸ್ವಲ್ಪ ಎತ್ತಿ. ಸಿರಿಂಜ್ ಪೂರ್ತಿ ಖಾಲಿಯಾಗುವ ಮೊದಲೇ ಮುಂದಿನದ್ದು ಸುರಿಯಿರಿ. ಇನ್ನೂರು ಮಿಲಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ. ಕೊನೆಗೆ ಮತ್ತೆ 30 ಮಿಲಿ ನೀರು, ಮುಚ್ಚಳ. ಇನ್ನೂ ಮುಕ್ಕಾಲು ಗಂಟೆ, ಒಂದು ಗಂಟೆ ತಲೆ ಎತ್ತರದಲ್ಲೇ ಇರಲಿ.

ಕೈ ನೋಯುತ್ತದೆ. ನಾನು ಕಿಟಕಿಯ ಸರಳಿಗೆ ಒಂದು ಕೊಕ್ಕೆ ಕಟ್ಟಿ ಅದರ ಮೇಲೆ ಮೊಣಕೈ ಆನಿಸುತ್ತಿದ್ದೆ.

ಟ್ಯೂಬ್ ಹೊಟ್ಟೆಯಲ್ಲೇ ಇದೆ ಅಂತ ಗೊತ್ತಾಗೋದು ಹೇಗೆ? ಗಾಳಿ ಹಾಕಿ ಗುಳುಗುಳು ಶಬ್ದ ಕೇಳಿದರೆ ಸಾಕಾ?

ಸಾಲದು. ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ, ಆದರೆ ನಂಬಲು ಬರುವುದಿಲ್ಲ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಶಬ್ದ ಕೇಳಬಹುದು. ಹೊಸದಾಗಿ ಹಾಕಿದಾಗ ಎಕ್ಸ್‌ರೇ ಮಾಡಿಸಿ. ಸರಿಯಾಗಿದೆ ಅಂತಾದ ಮೇಲೆ ಮೂಗಿನ ಅಂಚಿಗೆ ಬರುವ ಜಾಗದಲ್ಲಿ ಮಾರ್ಕರಿನಿಂದ ಗೆರೆ ಎಳೆದು, ಅಲ್ಲಿನ ಸೆಂಟಿಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಪ್ರತಿ ಫೀಡಿಗೂ ಮುಂಚೆ ನೋಡಿ. ಸಿರಿಂಜಿನಿಂದ ಸ್ವಲ್ಪ ರಸ ಎಳೆದು, ಹುಳಿ ಅಳೆಯುವ ಪಿಎಚ್ ಕಾಗದಕ್ಕೆ ಮುಟ್ಟಿಸಿದಾಗ 5.5 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಹೊಟ್ಟೆಯ ಆಮ್ಲ ಅಂತ ಅರ್ಥ. ಅಸಿಡಿಟಿ ಮಾತ್ರೆ ತಗೊಳ್ಳುವವರಲ್ಲಿ ಅಂಕಿ ಮೇಲೆ ಇರಬಹುದು.

ಗೆರೆ ಜಾರಿದ್ದರೆ, ಜೋರು ಕೆಮ್ಮು ಅಥವಾ ವಾಂತಿ ಆಗಿದ್ದರೆ, ಫೀಡ್ ಕೊಡಬೇಡಿ. ತಳ್ಳಿ ಸರಿಮಾಡುವ ಸಾಹಸವೂ ಬೇಡ. ಹೊಟ್ಟೆ ಕಾಯಲಿ, ಆಸ್ಪತ್ರೆಗೆ ಹೋಗಿ.

ಕೂರಿಸಿದರೆ ಕಣ್ಣು ಕತ್ತಲೆ ಬರುತ್ತೆ ಅಂತಾನೆ. ಮಲಗಿಸಿಯೇ ಕೊಡಬಹುದಾ?

ಪೂರ್ತಿ ಅಂಗಾತ ಮಲಗಿಸಿ ಖಂಡಿತ ಬೇಡ. ಎದ್ದು ಕೂತಾಗ ಬಿಪಿ ಇಳಿಯುವುದು ಇವರಲ್ಲಿ ಮಾಮೂಲು. ಒಂದೇ ಸಲಕ್ಕೆ ಎತ್ತಬೇಡಿ, ಐದು ಐದು ನಿಮಿಷ ಬಿಟ್ಟು ಸ್ವಲ್ಪ ಸ್ವಲ್ಪವೇ ಎತ್ತಿ. ಕಾಲಿಗೆ ಬಿಗಿ ಸಾಕ್ಸ್, ಹೊಟ್ಟೆಗೆ ಬೆಲ್ಟ್ ಹಾಕಲು ಫಿಸಿಯೋದವರು ಹೇಳಿಕೊಡುತ್ತಾರೆ. ಪೆಗ್ ಇದ್ದರೆ ಆ ಬೆಲ್ಟ್ ಟ್ಯೂಬನ್ನು ಅದುಮದಂತೆ ನೋಡಿಕೊಳ್ಳಿ. ಬೆನ್ನೆಲುಬು ಇನ್ನೂ ಗಟ್ಟಿಯಾಗಿಲ್ಲ, ಬಗ್ಗಿಸಬಾರದು ಅಂತ ಹೇಳಿದ್ದರೆ ಮಂಚವನ್ನೇ ತಲೆಯ ಕಡೆಯಿಂದ ಇಡೀಯಾಗಿ ಓರೆ ಮಾಡುತ್ತಾರೆ. ಅದನ್ನು ಸರ್ಜನ್ ಕೇಳಿಯೇ ಮಾಡಿ.

ಬಾಯಲ್ಲಿ ಏನೂ ತಿನ್ನಲ್ಲ. ಹಲ್ಲು ಉಜ್ಜಲೇಬೇಕಾ?

ಬೇಕು, ದಿನಕ್ಕೆ ಎರಡು ಸಲ. ಬಾಯಿಯ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೆತ್ತನೆಯ ಬ್ರಷ್, ತೀರಾ ಕಮ್ಮಿ ನೀರು, ಮುಖ ಪಕ್ಕಕ್ಕೆ.

## ಅಡಿಗೆಮನೆಯಲ್ಲಿ

ಪೌಡರ್ ಡಬ್ಬಿ ಕೊಡೋದಾ, ಮನೆಯಲ್ಲೇ ಮಾಡೋದಾ?

ಡಬ್ಬಿಯ ಫೀಡಿನಲ್ಲಿ ಅಳತೆ ಖಾತ್ರಿ. ಹೇಳಿದಂತೆ ಕಲಸಿದರೆ ಸಾಮಾನ್ಯವಾಗಿ ಒಂದು ಮಿಲಿಗೆ ಒಂದು ಕ್ಯಾಲರಿ, ವಿಟಮಿನ್ನುಗಳೂ ಇರುತ್ತವೆ, ಸಣ್ಣ ಟ್ಯೂಬಿನಲ್ಲೂ ಇಳಿಯುತ್ತದೆ. ತೊಂದರೆ ದುಡ್ಡಿನದ್ದು. ತಿಂಗಳುಗಟ್ಟಲೆ ಅದರಲ್ಲೇ ಹೊಟ್ಟೆ ತುಂಬಿಸಲು ಎಲ್ಲರ ಕೈಲಾಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಗೊತ್ತಾ? ಆರು ಚಮಚ ಹಾಕುವಲ್ಲಿ ಮೂರು ಹಾಕಿ ತೆಳ್ಳಗೆ ಕಲಸುತ್ತಾರೆ. ಡಬ್ಬಿ ಜಾಸ್ತಿ ದಿನ ಬರುತ್ತದೆ, ಮೈ ಇಳಿಯುತ್ತದೆ. ಅದಕ್ಕಿಂತ ಅಳೆದು ಮಾಡಿದ ಮನೆ ಫೀಡ್ ಎಷ್ಟೋ ವಾಸಿ. ನಾವು ದಿನಕ್ಕೆ ಎರಡು ಡಬ್ಬಿಯದ್ದು, ಮೂರು ಮನೆಯದ್ದು ಕೊಡುತ್ತಿದ್ದೆವು.

ಅಡಿಗೆಮನೆಗೆ ಒಂದು ಗ್ರಾಂ ತೂಕದ ಮಷಿನ್ ತಂದಿಡಿ. 'ಒಂದು ಹಿಡಿ', 'ಕೈಯಂದಾಜು' ಟ್ಯೂಬಿನ ಊಟಕ್ಕೆ ಆಗಿಬರುವುದಿಲ್ಲ. ಸಾಲದಿದ್ದರೆ ಬಾಯಿಬಿಟ್ಟು 'ಇನ್ನೊಂದು ಸ್ವಲ್ಪ ಹಾಕು' ಅಂತ ಅವರು ಕೇಳುವುದಿಲ್ಲ ಅಲ್ವಾ?

ರಾಗಿ ಗಂಜಿ ಕೊಟ್ಟರೆ ಟ್ಯೂಬ್ ಕಟ್ಟಿಕೊಳ್ಳುತ್ತೆ ಅಂತಾರೆ. ನಿಜಾನಾ?

ಮಾಡುವ ರೀತಿಯ ಮೇಲೆ ಹೋಗುತ್ತದೆ. ಮಾಮೂಲು ರಾಗಿ ಹಿಟ್ಟಿನ ಗಂಜಿ ಆರಿದ ಕೂಡಲೇ ಗಟ್ಟಿಯಾಗುತ್ತದೆ. ತೆಳ್ಳಗೆ ಮಾಡಲು ನೀರು ಸುರಿದರೆ ಹೊಟ್ಟೆ ತುಂಬುತ್ತದೆ, ಕ್ಯಾಲರಿ ಸಿಗುವುದಿಲ್ಲ. ಇದಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸರಿ: ಮೊಳಕೆ ಕಟ್ಟಿದ ರಾಗಿ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳ್ಳಗಿಡುತ್ತದೆ. ಹಾಗಾಗಿ ಜಾಸ್ತಿ ಹಿಟ್ಟು ಹಾಕಿದರೂ ಟ್ಯೂಬಿನಲ್ಲಿ ಇಳಿಯುತ್ತದೆ. ಮಕ್ಕಳ ಆಹಾರಕ್ಕಾಗಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಈ ಮೊಳಕೆ ಹಿಟ್ಟಿನ ಮೇಲೆ ಹಿಂದೆಯೇ ಕೆಲಸ ಮಾಡಿದ್ದಾರೆ.

ರಾಗಿ ತೊಳೆದು ರಾತ್ರಿ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಇಡಿ. ಬಿಳಿ ಬೇರು ಬಂದ ಮೇಲೆ ಒಣಗಿಸಿ. ಮುಂಬೈ ಮಳೆಗಾಲದಲ್ಲಿ ಬಿಸಿಲು ಎಲ್ಲಿ, ಫ್ಯಾನಿನ ಕೆಳಗೆ ತೆಳ್ಳಗೆ ಹರಡಿ. ಒಂಚೂರು ಮುಗ್ಗಲು ವಾಸನೆ ಬಂದರೂ ಎಸೆಯಿರಿ. ಬೇರನ್ನು ಉಜ್ಜಿ ತೆಗೆದು ಬೆಚ್ಚಗಾಗುವಷ್ಟು ಮಾತ್ರ ಹುರಿಯಿರಿ. ಘಮ ಬರಲಿ ಅಂತ ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ. ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ.

ಕಾಯಿಸುವಾಗಲೂ ಒಂದು ಗುಟ್ಟಿದೆ. ಕುದಿಯುವ ನೀರಿಗೆ ಹಿಟ್ಟು ಹಾಕಬೇಡಿ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಮಾಡಿ. ಕಿಣ್ವ ಕೆಲಸ ಮಾಡುವುದು ಬಿಸಿ ಏರುತ್ತಿರುವ ಆ ಕೆಲವು ನಿಮಿಷಗಳಲ್ಲೇ. ಮೊದಲು ದಪ್ಪಗಾದಂತೆ ಕಂಡು, ಆಮೇಲೆ ಚಮಚದ ಕೆಳಗೆ ತಾನಾಗಿ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಚೆನ್ನಾಗಿ ಕುದಿಸಿ, ಆರಿಸಿ, ಚಹಾ ಸೋಸುವ ಜರಡಿಯಲ್ಲಿ ಇನ್ನೊಮ್ಮೆ ಸೋಸಿ.

ನಾನು ಮಾಡುತ್ತಿದ್ದ ಒಂದು ಫೀಡ್: ಟೋನ್ಡ್ ಹಾಲು 200 ಮಿಲಿ, ಮೊಳಕೆ ರಾಗಿ ಹಿಟ್ಟು 20 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 15 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ ಒಂದು ಟೀ ಚಮಚ. ಸುಮಾರು 320 ಕ್ಯಾಲರಿ, 12–13 ಗ್ರಾಂ ಪ್ರೋಟೀನ್. ಸಕ್ಕರೆ ಕಾಯಿಲೆ ಇದ್ದರೆ ಇದು ಬೇಡ, ಬೇರೆ ಲೆಕ್ಕ ಹಾಕಿಸಿ.

ಅಂದಹಾಗೆ ಇಲ್ಲಿನ ಕಿರಾಣಿ ಅಂಗಡಿಯಲ್ಲಿ ರಾಗಿ ಅಂದರೆ ಕೆಲವರಿಗೆ ತಿಳಿಯುವುದಿಲ್ಲ, 'ನಾಚಣಿ' ಅನ್ನಿ. 'ನಾಚಣಿ ಸತ್ವ' ಅಂತ ಪ್ಯಾಕೆಟ್ ಕೊಟ್ಟರೆ ಹಿಂದೆ ಓದಿ ನೋಡಿ. ರುಬ್ಬಿ ಸೋಸಿ ಇಳಿಸಿದ ಸತ್ವವಾದರೆ ಅದು ಹೆಚ್ಚಾಗಿ ಬರೀ ಪಿಷ್ಟ.

ದಿನಾ ನಾಲ್ಕು ಸಲ ಬೇಳೆ ಕಟ್ಟು ಕೊಡ್ತಾ ಇದ್ದೇವೆ. ಆದ್ರೂ ಸೊರಗ್ತಾನೇ ಇದ್ದಾನೆ.

ಕಟ್ಟಿನಲ್ಲಿ ಏನಿದೆ ಹೇಳಿ? ಬೇಳೆಯ ಬಣ್ಣ, ಉಪ್ಪು, ನೀರು. ಸತ್ವವೆಲ್ಲ ಜರಡಿಯಲ್ಲಿ ಉಳಿದ ಗಟ್ಟಿಯಲ್ಲಿ. ಅದನ್ನು ಮನೆಯವರು ತೊವ್ವೆ ಮಾಡಿ ಉಣ್ಣುತ್ತಾರೆ, ಪೇಷಂಟಿಗೆ ತಿಳಿ. ಎಳನೀರು, ಸೂಪ್, ಅನ್ನದ ಗಂಜಿ ತಿಳಿಯದ್ದೂ ಇದೇ ಕಥೆ.

ಹೆಸರುಬೇಳೆ 25 ಗ್ರಾಂ, ಅಕ್ಕಿ 20 ಗ್ರಾಂ, ಒಂದು ತುಂಡು ಕ್ಯಾರೆಟ್, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಒಂದು ಚಮಚ ಎಣ್ಣೆ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಸೋಸಿ. ಹತ್ತಿರ ಹತ್ತಿರ 200 ಕ್ಯಾಲರಿ, 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಇಂಥ ಗಟ್ಟಿ ಫೀಡಿಗೆ ಪೆಗ್ ಅಥವಾ ದಪ್ಪ ಟ್ಯೂಬ್ ಬೇಕು. ಒಗ್ಗರಣೆ ಬೇಡ, ಸಾಸಿವೆ ಕಾಳು ಸಿಕ್ಕಿಕೊಳ್ಳುತ್ತದೆ. ಉಪ್ಪು ಮಾತ್ರ ಮರೆಯಬೇಡಿ. ರುಚಿ ನೋಡುವ ನಾಲಿಗೆಯೇ ಇಲ್ಲದ ಕಾರಣ ಎಷ್ಟೋ ಮನೆಗಳಲ್ಲಿ ಉಪ್ಪು ಹಾಕುವುದೇ ಇಲ್ಲ. ಕುತ್ತಿಗೆಯ ಪೆಟ್ಟಿನವರಲ್ಲಿ ರಕ್ತದ ಸೋಡಿಯಂ ಮೊದಲೇ ಇಳಿಯುವ ಸ್ವಭಾವ ಇರುತ್ತದೆ. ಎಷ್ಟು ಉಪ್ಪು ಅಂತ ಡಾಕ್ಟರನ್ನು ಕೇಳಿ.

ಮೊಟ್ಟೆ, ಮೀನು ಹಾಕಬಹುದಾ? ಏಕಾದಶಿ ದಿನ ಏನು ಮಾಡೋದು?

ತಿನ್ನುವವರಾದರೆ ಹಾಕಿ. ಬೇಯಿಸಿದ ಮೊಟ್ಟೆ ಒಂದಕ್ಕೆ ಸುಮಾರು 6 ಗ್ರಾಂ ಪ್ರೋಟೀನ್. ಹಸಿ ಮೊಟ್ಟೆ ಬೇಡ. ಮೀನಿನ ಒಂದು ಮುಳ್ಳು ಸಾಕು ದಿನ ಕೆಡಲು, ಅದಕ್ಕೇ ನಾನು ಹಾಕುತ್ತಿರಲಿಲ್ಲ. ಏಕಾದಶಿ, ಸಂಕಷ್ಟಿ ಉಪವಾಸವನ್ನು ಮನೆಯವರು ಮಾಡಲಿ, ಟ್ಯೂಬಿಗೆ ಬೇಡ.

ಬೆಳಿಗ್ಗೆ ಒಟ್ಟಿಗೆ ಮಾಡಿಟ್ಟರೆ ಸಂಜೆವರೆಗೆ ಇರುತ್ತಾ? ನಾನು ಕೆಲಸಕ್ಕೆ ಹೋಗಬೇಕು.

ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ 24 ಗಂಟೆಯ ಒಳಗೆ ಬಳಸಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ, ಮೇ ತಿಂಗಳಲ್ಲಿ ಅದಕ್ಕಿಂತಲೂ ಕಮ್ಮಿ. ಒಂದೊಂದು ಹೊತ್ತಿನದ್ದನ್ನು ಬೇರೆ ಬೇರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ಗಂಟೆ ಬರೆದ ಚೀಟಿ ಅಂಟಿಸಿ. ಕೊಡುವ ಮೊದಲು ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಮಧ್ಯಾಹ್ನ ಕರೆಂಟ್ ಹೋಗುವ ಕಡೆ ಇದ್ದರೆ ಆ ಹೊತ್ತಿಗೆ ಡಬ್ಬಿಯ ಪೌಡರ್ ಇಟ್ಟುಕೊಳ್ಳಿ.

ಎಲ್ಲಾ ಮಾತ್ರೆ ಪುಡಿ ಮಾಡಿ ಫೀಡಿಗೇ ಕಲಸಿಬಿಟ್ಟರೆ ಆಗಲ್ವಾ?

ಆಗಲ್ಲ. ಒಂದೊಂದು ಮಾತ್ರೆಯನ್ನು ಬೇರೆ ಬೇರೆ ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡಿ, ಮಧ್ಯೆ ನೀರು ಹಾಯಿಸಿ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್ ಅಂತ ಇರುವ, ನಿಧಾನಕ್ಕೆ ಕರಗುವ ಮಾತ್ರೆಗಳನ್ನು, ಹೊರಗೆ ಲೇಪ ಇರುವಂಥವನ್ನು ಪುಡಿ ಮಾಡಬಾರದು. ಸಿರಪ್ ರೂಪದಲ್ಲಿ ಸಿಗುತ್ತಾ ಕೇಳಿ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಫೀಡಿನ ಜೊತೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಸಿಪ್ರೋಫ್ಲಾಕ್ಸಸಿನ್ ಹಾಲಿನ ಜೊತೆ ಹತ್ತುವುದಿಲ್ಲ. ಸೆಳೆತಕ್ಕೆ ಕೊಡುವ ಬ್ಯಾಕ್ಲೋಫೆನ್ ವಿಷಯದಲ್ಲಿ ಇನ್ನೂ ಹುಷಾರು. ಟ್ಯೂಬ್ ಕಟ್ಟಿದೆ ಅಂತ ಅದನ್ನು ದಿಢೀರನೆ ನಿಲ್ಲಿಸಿದರೆ ಜೋರು ಸೆಳೆತ, ಭ್ರಮೆ, ಫಿಟ್ಸ್ ಬರಬಹುದು. ಡೋಸ್ ತಪ್ಪಿತು ಅಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಟ್ಯೂಬ್ ಕಟ್ಟಿಕೊಂಡಿದೆ. ಪಕ್ಕದ ಮನೆಯವರು ಕೋಲಾ ಹಾಕಿ ಅಂತಿದ್ದಾರೆ.

ಬೇಡ. ಕೋಲಾದ ಹುಳಿಗೆ ಹಾಲಿನ ಪ್ರೋಟೀನ್ ಒಡೆದು ಇನ್ನೂ ಗಟ್ಟಿಯಾಗುತ್ತದೆ. ಉಗುರುಬೆಚ್ಚನೆ ನೀರನ್ನು 50 ಮಿಲಿ ಸಿರಿಂಜಿನಲ್ಲಿ ತುಂಬಿ, ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ. ಸಣ್ಣ ಸಿರಿಂಜ್ ಬೇಡ, ಅದರ ಒತ್ತಡಕ್ಕೆ ಟ್ಯೂಬ್ ಸೀಳಬಹುದು. ತಂತಿ ತೂರಿಸುವ ಮಾತೇ ಬೇಡ.

## ಎಷ್ಟು ಅನ್ನುವ ಲೆಕ್ಕ

ದಿನಕ್ಕೆ ಎಷ್ಟು ಕ್ಯಾಲರಿ ಬೇಕು? ಚೆನ್ನಾಗಿ ಕೊಟ್ಟರೆ ಬೇಗ ಸುಧಾರಿಸ್ತಾನೆ ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. ಮೊದಲ ಕೆಲವು ವಾರ ಮೈ ಕರಗುತ್ತದೆ. ನರದ ಹತೋಟಿ ತಪ್ಪಿದ ಸ್ನಾಯುಗಳು ಸವೆಯುತ್ತವೆ. ಎಷ್ಟು ಕೊಟ್ಟರೂ ಆ ನಷ್ಟವನ್ನು ಪೂರ್ತಿ ತಡೆಯಲು ಆಗುವುದಿಲ್ಲ. ನೋಡಿದವರು ಕಣ್ಣೀರು ಹಾಕಿ ಫೀಡ್ ಹೆಚ್ಚಿಸುತ್ತಾರೆ. ಹೆಚ್ಚಿಸಿದ್ದು ಸ್ನಾಯು ಆಗುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬಾಗುತ್ತದೆ. ಆಮೇಲೆ ಎತ್ತಿ ವೀಲ್‌ಚೇರಿಗೆ ಕೂರಿಸುವವರ ಸೊಂಟ ಹೋಗುತ್ತದೆ.

ಪರಿಸ್ಥಿತಿ ಸ್ಥಿರವಾದ ಮೇಲೆ ಡಯಟಿಷಿಯನ್ನರು ಬಳಸುವ ಅಂಕಿ ಇದು: ಕೈ ಕಾಲು ಎರಡಕ್ಕೂ ಶಕ್ತಿ ಇಲ್ಲದವರಿಗೆ ಕಿಲೋ ತೂಕಕ್ಕೆ ಸುಮಾರು 23 ಕ್ಯಾಲರಿ, ಕಾಲಿಗೆ ಮಾತ್ರ ಇಲ್ಲದವರಿಗೆ ಸುಮಾರು 28. ಅಂದರೆ 60 ಕಿಲೋದವರಿಗೆ ಒಬ್ಬರಿಗೆ ಹತ್ತಿರ ಹತ್ತಿರ 1,400, ಇನ್ನೊಬ್ಬರಿಗೆ 1,700. ಓಡಾಡುವ ಗಂಡಸಿಗೆ ಬೇಕಾಗುವುದಕ್ಕಿಂತ ಎಷ್ಟು ಕಮ್ಮಿ ನೋಡಿ. ಜ್ವರ, ಸೋಂಕು, ಹುಣ್ಣು ಇದ್ದರೆ ಲೆಕ್ಕ ಬದಲಾಗುತ್ತದೆ. ಹಲವು ದಿನ ಏನೂ ತಿನ್ನದೆ ಇದ್ದವರಿಗೆ ಮೊದಲ ದಿನವೇ ಪೂರ್ತಿ ಕೊಡಬಾರದು. ರಕ್ತದ ಫಾಸ್ಫರಸ್, ಪೊಟ್ಯಾಸಿಯಂ ದಿಢೀರನೆ ಇಳಿದು ಪ್ರಾಣಕ್ಕೇ ಬರಬಹುದು.

ತೂಕ ನೋಡೋದು ಹೇಗೆ? ನಿಲ್ಲೋಕೇ ಆಗಲ್ಲ.

ನಾವು ವೀಲ್‌ಚೇರ್ ಸಮೇತ ಓಣಿಯ ಧಾನ್ಯದ ಅಂಗಡಿಗೆ ಹೋಗುತ್ತಿದ್ದೆವು. ಮೂಟೆ ತೂಗುವ ಹಲಗೆ ತಕ್ಕಡಿ ಇದೆಯಲ್ಲ, ಅದರ ಮೇಲೆ ಹತ್ತಿಸಿ, ಆಮೇಲೆ ಖಾಲಿ ಕುರ್ಚಿ ತೂಗಿ ಕಳೆಯುವುದು. ಸೇಟ್ ಒಮ್ಮೆಯೂ ಬೇಡ ಅನ್ನಲಿಲ್ಲ. ತಿಂಗಳಿಗೊಮ್ಮೆ ಸಾಕು.

ಎತ್ತರಕ್ಕೆ ಇಷ್ಟು ತೂಕ ಅಂತ ಪಟ್ಟಿಯಲ್ಲಿ ಇರುತ್ತದಲ್ಲ, ಅದಕ್ಕಿಂತ ಕಾಲಿನ ಶಕ್ತಿ ಹೋದವರು 5ರಿಂದ 10 ಶೇಕಡಾ, ಕೈ ಕಾಲು ಎರಡೂ ಹೋದವರು 10ರಿಂದ 15 ಶೇಕಡಾ ಕಮ್ಮಿ ಇರಬೇಕು. ಸ್ನಾಯು ಕಮ್ಮಿಯಾಗಿರುತ್ತದೆ, ಅದಕ್ಕೆ.

ಬೆನ್ನ ಕೆಳಗೆ ಬೆಡ್‌ಸೋರ್ ಆಗಿದೆ. ಯಾವ ಫೀಡ್ ಕೊಟ್ಟರೆ ಮಾಯುತ್ತೆ?

ಫೀಡ್ ಒಂದರಿಂದಲೇ ಮಾಯುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದೆ ಚಿನ್ನದ ಭಸ್ಮ ಕೊಟ್ಟರೂ ಅಷ್ಟೆ. ಅದನ್ನು ಮಾಡುತ್ತಿದ್ದೀರಿ ಅಂತಾದರೆ ಪ್ರೋಟೀನ್ ಏರಿಸಬೇಕು. ಕಿಲೋಗೆ 1.25ರಿಂದ 1.5 ಗ್ರಾಂ, ಅಂದರೆ 60 ಕಿಲೋದವರಿಗೆ ದಿನಕ್ಕೆ 75ರಿಂದ 90 ಗ್ರಾಂ. ಆಳವಾದ ಹುಣ್ಣಿಗೆ ಇನ್ನೂ ಜಾಸ್ತಿ ಹೇಳಬಹುದು. ಕ್ಯಾಲರಿಯೂ ಕಿಲೋಗೆ 30–35ಕ್ಕೆ ಏರುತ್ತದೆ. ಬರೀ ಪ್ರೋಟೀನ್ ಪೌಡರ್ ಹಾಕಿ ಕ್ಯಾಲರಿ ಕಮ್ಮಿ ಇಟ್ಟರೆ ಮೈ ಆ ಪ್ರೋಟೀನನ್ನೇ ಸುಟ್ಟುಕೊಳ್ಳುತ್ತದೆ. ಕಿಡ್ನಿ ಪರೀಕ್ಷೆ ಮಾಡಿಸಿಯೇ ಏರಿಸಿ. ಹುಣ್ಣು ಮಾದ ಮೇಲೆ ಮತ್ತೆ ಇಳಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ.

ನೀರು ಬೇರೆ ಕೊಡಬೇಕಾ? ಫೀಡೇ ನೀರಾಗಿದೆಯಲ್ಲ.

ಬೇರೆ ಬೇಕು. 250 ಮಿಲಿ ಫೀಡಿನಲ್ಲಿ ಸುಮಾರು 200 ಮಿಲಿ ನೀರು. ಐದು ಫೀಡಿಗೆ ಒಂದು ಲೀಟರ್. ಹಿಂದೆ ಮುಂದೆ ಹಾಯಿಸಿದ್ದು 300 ಮಿಲಿ. ಒಟ್ಟು 1.3 ಲೀಟರ್, ಅದು ಸಾಲದು. ಮೂತ್ರದ ಪೈಪ್ (ಕ್ಯಾಥೆಟರ್) ಯಾವಾಗಲೂ ಒಳಗೇ ಇರುವವರಿಗೆ ಸಾಮಾನ್ಯವಾಗಿ ಎರಡರಿಂದ ಮೂರು ಲೀಟರ್ ಹೇಳುತ್ತಾರೆ, ಸೋಂಕು, ಕಲ್ಲು ಆಗದಿರಲಿ ಅಂತ. ನಾಲ್ಕಾರು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ತೆಗೆಯುವವರು ಒಂದು ಸಲಕ್ಕೆ 500 ಮಿಲಿ ಮೂತ್ರ ದಾಟದಂತೆ ನೀರನ್ನು ಹಂಚಬೇಕು, ರಾತ್ರಿ ಕಮ್ಮಿ ಮಾಡಬೇಕು. ಕೊಟ್ಟ ನೀರು, ಬಂದ ಮೂತ್ರ, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಹತ್ತಿರ ಅಂಥವು ನಾಲ್ಕು ಇವೆ.

## ಕಷ್ಟದ ಪ್ರಶ್ನೆಗಳು

ನಾಲ್ಕು ದಿನ ಮಲ ಬರಲ್ಲ, ಆಮೇಲೆ ಒಂದೇ ಸಮ ಭೇದಿ. ಫೀಡ್ ಬದಲಿಸಲಾ?

ಮೊದಲು ಭೇದಿ ನಿಜವಾದದ್ದಾ ನೋಡಿಸಿ. ಒಳಗೆ ಗಟ್ಟಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ತೆಳ್ಳಗೆ ಸೋರುವುದೂ ಉಂಟು. ಆಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಥೆ ಮುಗಿಯಿತು. ನಿಜವಾದ ಭೇದಿಗೆ ಆಂಟಿಬಯಾಟಿಕ್, ಸಿರಪ್ಪಿನಲ್ಲಿ ಸಿಹಿಗೆ ಹಾಕಿರುವ ಸಾರ್ಬಿಟಾಲ್, ಹಳಸಿದ ಫೀಡ್, ತೊಳೆಯದ ಸಿರಿಂಜ್ ಕಾರಣ ಇರಬಹುದು.

ಕರುಳಿಗೆ ಒಂದು ಹೊತ್ತು ಕಲಿಸಬೇಕು. ಊಟವಾದ ಅರ್ಧ ಗಂಟೆಗೆ ಕರುಳು ತಾನಾಗಿ ಅಲುಗುತ್ತದೆ. ಬೆಳಗಿನ ಫೀಡ್ ಆದ 20–30 ನಿಮಿಷಕ್ಕೆ, ದಿನವೂ ಅಥವಾ ದಿನ ಬಿಟ್ಟು ದಿನ, ಅದೇ ಗಂಟೆಗೆ ಸಪೊಸಿಟರಿ (ಗುದದಲ್ಲಿ ಇಡುವ ಮಾತ್ರೆ), ಬೆರಳಿನಿಂದ ಮಲ ಇಳಿಸುವ ವಿಧಾನ, ಸಿಸ್ಟರ್ ಕಲಿಸಿದ ರೀತಿಯಲ್ಲಿ. ನಾರು ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ಇಸಬ್ಗೋಲ್ ಸುರಿಯಬೇಡಿ. ಇವರ ಕರುಳು ನಿಧಾನ, ಜಾಸ್ತಿ ನಾರು ಒಳಗೇ ಕೂತುಬಿಡುತ್ತದೆ. ದಿನಕ್ಕೆ 15 ಗ್ರಾಮಿನಿಂದ ಶುರುಮಾಡಿ ನೋಡುತ್ತಾ ಏರಿಸುವುದು. ಇಸಬ್ಗೋಲ್ ಟ್ಯೂಬಿನಲ್ಲೇ ಊದಿ ಕಟ್ಟಿಕೊಳ್ಳುತ್ತದೆ, ಅದು ಬೇರೆ ಗೋಳು.

ಫೀಡ್ ಕೊಟ್ಟ ಮೇಲೆ ತಲೆ ಸಿಡಿಯುತ್ತೆ ಅಂತಾನೆ, ಮುಖ ಕೆಂಪಾಗಿ ಬೆವರ್ತಾನೆ. ಗ್ಯಾಸಾ?

ಇದನ್ನು ಗ್ಯಾಸ್ ಅಂತ ಬಿಡಬೇಡಿ. ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟ (ಟಿ6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಬರುತ್ತದೆ. ಪೆಟ್ಟಿನ ಕೆಳಗೆ ಏನೋ ಕಿರಿಕಿರಿ ಆಗುತ್ತಿದೆ, ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ, ಬಿಪಿ ಸರ್ರನೆ ಏರುತ್ತದೆ. ಇವರ ಮಾಮೂಲು ಬಿಪಿ 90–110 ಇರುತ್ತದೆ. ಹಾಗಾಗಿ 140 ಅಂದರೆ ನಮಗೆ ಸಾಧಾರಣ, ಅವರಿಗೆ ಅಪಾಯ.

ಕೂಡಲೇ ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಬಿಡಿಸಿ. ಹೊಟ್ಟೆಯ ಬೆಲ್ಟ್, ಬಿಗಿ ಬಟ್ಟೆ ಸಡಿಲಿಸಿ. ಫೀಡ್ ನಿಲ್ಲಿಸಿ. ಮೂತ್ರದ ಪೈಪ್ ಮಡಚಿದೆಯಾ, ಕಟ್ಟಿದೆಯಾ ನೋಡಿ. ಹತ್ತರಲ್ಲಿ ಎಂಟು ಸಲ ಕಳ್ಳ ಅಲ್ಲೇ ಇರುತ್ತಾನೆ, ನಮ್ಮನೆಯ ಅನುಭವದಲ್ಲಿ. ಆಮೇಲೆ ಮಲ ಕಟ್ಟಿರುವುದು, ಉಬ್ಬಿದ ಹೊಟ್ಟೆ, ಎಳೆಯುತ್ತಿರುವ ಪೆಗ್. ಕಾರಣ ಸಿಗದಿದ್ದರೆ, ಬಿಪಿ ಇಳಿಯದಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಓಡಿ. ಕ್ಯಾಶುವಾಲ್ಟಿಯಲ್ಲಿ ಎಲ್ಲರಿಗೂ ಇದರ ಪರಿಚಯ ಇರುವುದಿಲ್ಲ. ಈ ಹೆಸರು ಬರೆದ ಚೀಟಿಯನ್ನು ಫೈಲಿನ ಮೇಲೆಯೇ ಅಂಟಿಸಿಡಿ.

ಅಳೆದು, ನಿಧಾನಕ್ಕೆ ಕೊಟ್ಟರೂ ವಾಂತಿ ನಿಲ್ತಾ ಇಲ್ಲ.

ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತಿರಬಹುದು. ಕಮ್ಮಿ ಕಮ್ಮಿ ಹೆಚ್ಚು ಸಲ ಕೊಡುವುದು, ಪಂಪಿನಲ್ಲಿ ಹನಿ ಹನಿ ಬಿಡುವುದು, ಟ್ಯೂಬಿನ ತುದಿಯನ್ನು ಹೊಟ್ಟೆ ದಾಟಿಸಿ ಸಣ್ಣ ಕರುಳಿಗೆ ಇಳಿಸುವುದು, ಇವು ದಾರಿಗಳು. ಆದರೆ ಇನ್ನೆರಡು ವಿಷಯ ಡಾಕ್ಟರಿಗೆ ನೆನಪಿಸಿ. ಒಂದು, ಬೇಗ ತೂಕ ಇಳಿದವರಲ್ಲಿ ದೊಡ್ಡ ರಕ್ತನಾಳವೊಂದು ಸಣ್ಣ ಕರುಳಿನ ಮೊದಲ ಭಾಗವನ್ನು ಒತ್ತುವುದುಂಟು. ಅಂಗಾತ ಮಲಗಿದಾಗ ವಾಂತಿ ಜಾಸ್ತಿ, ಎಡ ಮಗ್ಗುಲಿಗೆ ತಿರುಗಿಸಿದರೆ ಕಮ್ಮಿ. ಎರಡು, ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಹದಿಹರೆಯದ, ಚಿಕ್ಕ ವಯಸ್ಸಿನ ಹುಡುಗರಲ್ಲಿ, ಅಲುಗಾಡದ ಎಲುಬಿನಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ. ವಾಕರಿಕೆ, ಮಂಕು, ಮಲಬದ್ಧತೆ, ಜಾಸ್ತಿ ಮೂತ್ರ ಅದರ ಲಕ್ಷಣ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎಲುಬು ಸವೆಯುತ್ತೆ ಅಂತ ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ಶುರುಮಾಡಬೇಡಿ.

ಪೆಗ್ ಟ್ಯೂಬ್ ಕಳಚಿ ಕೈಗೇ ಬಂತು!

ಹಾಕಿ ಒಂದು ತಿಂಗಳೂ ಆಗಿಲ್ಲದಿದ್ದರೆ ಏನನ್ನೂ ತೂರಿಸಬೇಡಿ, ಒಳಗಿನ ದಾರಿ ಇನ್ನೂ ಕೂಡಿರುವುದಿಲ್ಲ. ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ. ಹಳೆಯದಾಗಿದ್ದರೂ ಕೆಲವೇ ಗಂಟೆಗಳಲ್ಲಿ ತೂತು ಕೂಡಿಕೊಳ್ಳತೊಡಗುತ್ತದೆ, ನಾಳೆ ನೋಡೋಣ ಅನ್ನಬೇಡಿ. ಕಳಚಿದ ಟ್ಯೂಬನ್ನು ಎಸೆಯದೆ ಜೊತೆಗೆ ಒಯ್ಯಿರಿ, ಸೈಜ್ ಅದರ ಮೇಲೆ ಬರೆದಿರುತ್ತದೆ.

ಒಂದೇ ಒಂದು ಚಮಚ ಸಾರು ನಾಲಿಗೆಗೆ ಹಾಕ್ಲಾ? ಕಣ್ಣಲ್ಲೇ ಕೇಳ್ತಾನೆ ಅಕ್ಕಾ.

ಈ ಪ್ರಶ್ನೆಗೆ ಬೇಡ ಅನ್ನುವಾಗ ನನಗೂ ಗಂಟಲು ಕಟ್ಟುತ್ತದೆ. ತೊಂದರೆ ಏನೆಂದರೆ, ತಪ್ಪು ದಾರಿಗೆ ಹೋದಾಗ ಕೆಲವರಿಗೆ ಕೆಮ್ಮೇ ಬರುವುದಿಲ್ಲ. ನಗುನಗುತ್ತಲೇ ನುಂಗುತ್ತಾರೆ, ಮೂರನೇ ದಿನ ಜ್ವರ. ಅದಕ್ಕೆ ನುಂಗುವ ಪರೀಕ್ಷೆ ಮಾಡಿಸಿ. ಬೇರಿಯಂ ಕಲಸಿದ ಆಹಾರ ನುಂಗಿಸಿ ಎಕ್ಸ್‌ರೇ ವೀಡಿಯೋ ತೆಗೆಯುತ್ತಾರೆ, ಅಥವಾ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಸ್ಪೀಚ್ ಥೆರಪಿಸ್ಟ್ ಅಂದರೆ ಮಾತು ಕಲಿಸುವವರು ಮಾತ್ರ ಅಲ್ಲ, ನುಂಗುವುದನ್ನು ಕಲಿಸುವವರೂ ಅವರೇ. ಮುಂಬೈಯ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ದೊಡ್ಡ ಪುನರ್ವಸತಿ ಸಂಸ್ಥೆ ಇದೆ, ಅಲ್ಲಿನ ಒಪಿಡಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಸಾರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ತುಟಿ ಸವರಬಹುದಾ ಅಂತ ಅವರನ್ನೇ ಕೇಳಿ. ನಮಗೆ ಅಷ್ಟಕ್ಕೆ ಒಪ್ಪಿಗೆ ಸಿಕ್ಕಿತ್ತು. ತಮ್ಮ ಕಣ್ಣು ಮುಚ್ಚಿ ಹೇಳಿದ್ದು: 'ಹುಣಸೆ ಜಾಸ್ತಿ ಆಗಿದೆ.'

ಬಾಯಲ್ಲಿ ತಿನ್ನೋಕೆ ಶುರುಮಾಡಿದ್ದಾನೆ. ಟ್ಯೂಬ್ ಯಾವಾಗ ತೆಗೆಸೋದು? ತೂತು ಏನಾಗುತ್ತೆ?

ನೀರಿನಿಂದ ಶುರುವಾಗುವುದಿಲ್ಲ, ನೀರೇ ಎಲ್ಲಕ್ಕಿಂತ ಕಷ್ಟ. ಸಾಮಾನ್ಯವಾಗಿ ಕಿವುಚಿದ ಬಾಳೆಹಣ್ಣು, ಗಟ್ಟಿ ಮೊಸರಿನಂಥದ್ದು ಮೊದಲು. ಹಗಲು ಬಾಯಿ, ರಾತ್ರಿ ಟ್ಯೂಬ್ ಅಂತ ಹಂಚಿಕೊಳ್ಳಿ. ತಿಂದದ್ದನ್ನು ಅಳೆದು, ಕಮ್ಮಿಯಾದಷ್ಟನ್ನು ಮಾತ್ರ ಟ್ಯೂಬಿನಲ್ಲಿ ತುಂಬಿಸಿ. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಬಾಯಲ್ಲೇ ಹೋಗಿ, ಕೆಲವು ವಾರ ತೂಕ ನಿಂತರೆ, ನೀರು, ಮಾತ್ರೆಯೂ ಬಾಯಲ್ಲೇ ಇಳಿದರೆ, ತೆಗೆಯುವ ಮಾತು. ಅವಸರ ಬೇಡ, ಚಳಿ ಜ್ವರದಲ್ಲಿ ಟ್ಯೂಬ್ ಕೈಹಿಡಿಯುತ್ತದೆ.

ತೂತು ತಾನಾಗಿ ಮುಚ್ಚುತ್ತದೆ, ಸಾಮಾನ್ಯವಾಗಿ ಹೊಲಿಗೆ ಬೇಡ. ಮೊದಲ ದಿನಗಳಲ್ಲಿ ಸ್ವಲ್ಪ ಸೋರುತ್ತದೆ, ಗಾಜ್ ಬದಲಿಸುತ್ತಿರಿ. ನಮ್ಮವನದ್ದು ಐದನೇ ದಿನ ಒಣಗಿತು. ಎಂಟನೇ ದಿನ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆವು.